ಎದೆಬಡಿತದ ಚರಿತ್ರೆ

ಭಯವೆಂಬುದು ಮನುಷ್ಯನಷ್ಟೇ ಹಳೆಯದು. ಹಣ ತೆತ್ತು ಭಯವನ್ನು ಕೊಂಡುಕೊಳ್ಳುವ ಪದ್ಧತಿ ಮಾತ್ರ ತೀರ ಈಚಿನದು. ಕಾಲಿಗೆ ರಬ್ಬರಿನ ಹಗ್ಗ ಬಿಗಿದುಕೊಂಡು ಸೇತುವೆಯ ಮೇಲಿಂದ ಧುಮುಕುವುದು, ಹಾರುತ್ತಿರುವ ವಿಮಾನದಿಂದ ಹೊರಕ್ಕೆ ಜಿಗಿಯುವುದು, ನೊರೆಯುಕ್ಕುವ ಹೊಳೆಯಲ್ಲಿ ದೋಣಿ ನಡೆಸುವುದು - ಇವೆಲ್ಲ ಸಾಹಸ ಕ್ರೀಡೆ ಎಂಬ ಹೆಸರಿನಲ್ಲಿ ಜಗತ್ತಿನ ಉದ್ದಗಲಕ್ಕೂ ಹಬ್ಬಿವೆ. ನಮ್ಮಲ್ಲಿಯೂ ಬಾದಾಮಿಯ ಕೆಂಪು ಬಂಡೆಗಳನ್ನೂ ರಾಮನಗರದ ಬೆಟ್ಟಗಳನ್ನೂ ಹಗ್ಗ ಹಿಡಿದು ಏರುವ ಯುವಕ ಯುವತಿಯರು ಬೇಕಾದಷ್ಟು ಮಂದಿ. ಏಕೆ ಈ ಹುಚ್ಚು ಎಂದು ಕೇಳಿದರೆ ಅವರ ಬಾಯಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: 'ಅಡ್ರಿನಲಿನ್ ರಷ್'.

ಅಡ್ರಿನಲಿನ್ ಎಂಬ ಈ ಪದ ಆಕಾಶದಿಂದ ಉದುರಿದ್ದಲ್ಲ. 1901ರಲ್ಲಿ ಅಮೆರಿಕದ ಒಂದು ಔಷಧ ಕಂಪನಿ ತನ್ನ ಸರಕಿಗೆ ಇಟ್ಟ ಹೆಸರು ಅದು. ಒಂದು ಔಷಧದ ಹೆಸರು ನಮ್ಮ ಕಾಲದ ತರುಣರ ಸಂತೋಷದ ಹೆಸರಾದದ್ದು ಹೇಗೆ? ಆ ರಸವು ಮನುಷ್ಯನಿಗೆ ನಿಜವಾಗಿ ಮಾಡುವುದೇನು? ಧೈರ್ಯಕ್ಕೂ ಅದಕ್ಕೂ ಇರುವ ನಂಟು ಎಂತಹದು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೊರಟರೆ ಚರಿತ್ರೆ ನಮ್ಮನ್ನು ಪ್ರಯೋಗಶಾಲೆಗೂ ಪರೀಕ್ಷೆಯ ಕೊಠಡಿಗೂ ಶಾಂತಸಾಗರದ ಒಂದು ಪುಟ್ಟ ದ್ವೀಪಕ್ಕೂ ಕರೆದೊಯ್ಯುತ್ತದೆ.

ಉತ್ತರವಿಲ್ಲದ ಪ್ರಶ್ನೆ

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಎರಡು ಚಿಕ್ಕ ಗ್ರಂಥಿಗಳಿವೆ. ಇವೇ ಅಡ್ರಿನಲ್ ಗ್ರಂಥಿಗಳು. ಹದಿನಾರನೆಯ ಶತಮಾನದಲ್ಲಿಯೇ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಯುಸ್ಟಾಕಿ ಇವುಗಳನ್ನು ಗುರುತಿಸಿ ವರ್ಣಿಸಿದ್ದನು. ಆದರೆ ಇವುಗಳ ಉಪಯೋಗವೇನೆಂದು ಮುಂದೆ ಮೂರು ಶತಮಾನಗಳವರೆಗೆ ಯಾರಿಗೂ ಹೊಳೆಯಲಿಲ್ಲ. 1716ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವಿದ್ವತ್ ಸಂಸ್ಥೆಯೊಂದು ಈ ಪ್ರಶ್ನೆಯನ್ನೇ ಮುಂದಿಟ್ಟು ಬಹುಮಾನ ಸಾರಿತು. ಬಂದ ಪ್ರಬಂಧಗಳನ್ನು ಪರಿಶೀಲಿಸಿದವನು ಮುಂದೆ ರಾಜ್ಯಶಾಸ್ತ್ರದಲ್ಲಿ ಪ್ರಖ್ಯಾತನಾದ ಮಾಂಟೆಸ್ಕ್ಯೂ. ಯಾವ ಉತ್ತರವೂ ಆತನಿಗೆ ಒಪ್ಪಿಗೆಯಾಗಲಿಲ್ಲ. ಬಹುಮಾನ ಯಾರಿಗೂ ಸಲ್ಲಲಿಲ್ಲ.

1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ನರು ಈ ಗ್ರಂಥಿಗಳು ಕೆಟ್ಟರೆ ಮನುಷ್ಯ ಸೊರಗಿ ಸಾಯುತ್ತಾನೆಂದು ತೋರಿಸಿದರು. ಆಮೇಲೆ ಬಂದವರು ಜಾರ್ಜ್ ಆಲಿವರ್ ಎಂಬ ವೈದ್ಯರು. ಮನೆಯಲ್ಲಿಯೇ ಚಿಕ್ಕಪುಟ್ಟ ಉಪಕರಣಗಳನ್ನು ರಚಿಸಿಕೊಂಡು ಪ್ರಯೋಗ ನಡೆಸುತ್ತಿದ್ದ ಈ ವೈದ್ಯರು 1893ರ ಚಳಿಗಾಲದಲ್ಲಿ ಅಡ್ರಿನಲ್ ಗ್ರಂಥಿಯ ಸಾರವನ್ನು ಒಂದು ಶೀಶೆಯಲ್ಲಿ ತುಂಬಿಕೊಂಡು ಲಂಡನ್ನಿನ ಪ್ರಾಧ್ಯಾಪಕ ಷೇಫರ್ ಅವರ ಬಳಿಗೆ ಹೋದರಂತೆ. ನಾಯಿಯ ರಕ್ತದೊತ್ತಡವನ್ನು ಅಳೆಯುತ್ತಿದ್ದ ಪ್ರಾಧ್ಯಾಪಕರಿಗೆ ಈ ಹಳ್ಳಿಗಾಡಿನ ವೈದ್ಯರ ಮಾತಿನಲ್ಲಿ ನಂಬಿಕೆ ಹುಟ್ಟಲಿಲ್ಲ. ಆದರೂ ದಾಕ್ಷಿಣ್ಯಕ್ಕೆಂದು ಆ ಸಾರವನ್ನು ನಾಯಿಯ ರಕ್ತನಾಳಕ್ಕೆ ಸೇರಿಸಿದರು. ಅಳತೆಯ ಕೊಳವೆಯಲ್ಲಿದ್ದ ಪಾದರಸ ಸರಸರನೆ ಮೇಲೇರಿತು! ಮರುವರ್ಷ ಇಬ್ಬರೂ ಕೂಡಿ ತಮ್ಮ ಶೋಧನೆಯನ್ನು ಪ್ರಕಟಿಸಿದರು.

ಆ ಸಾರದೊಳಗಿನ ಶುದ್ಧ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ಕೀರ್ತಿ ಜಪಾನಿನ ಜೋಕಿಚಿ ತಕಮಿನೆ ಮತ್ತು ಅವರ ಸಹಾಯಕ ಕೇಜೊ ಉಎನಾಕ ಅವರದು. ನ್ಯೂಯಾರ್ಕಿನ ಚಿಕ್ಕ ಪ್ರಯೋಗಶಾಲೆಯಲ್ಲಿ 1900ರಲ್ಲಿ ಈ ಕಾರ್ಯ ಸಾಧ್ಯವಾಯಿತು. ಡೆಟ್ರಾಯಿಟಿನ ಪಾರ್ಕ್-ಡೇವಿಸ್ ಕಂಪನಿ ಅದನ್ನು 'ಅಡ್ರಿನಲಿನ್' ಎಂದು ಮಾರುಕಟ್ಟೆಗೆ ತಂದಿತು. 1904ರಲ್ಲಿ ಜರ್ಮನಿಯ ಸ್ಟೋಲ್ಜ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಕೃತಕವಾಗಿಯೇ ತಯಾರಿಸಿದರು. ಉಸಿರುಕಟ್ಟುವ ಗೂರಲು ರೋಗಿಗಳಿಗೆ ಅದು ಸಂಜೀವಿನಿಯಾಯಿತು. ಜೇನುಹುಳು ಕಚ್ಚಿಯೋ ಔಷಧಿ ಒಗ್ಗದೆಯೋ ಒಮ್ಮೆಲೆ ಮೈ ಬಾತು ಉಸಿರು ನಿಲ್ಲುವಂತಾದವರಿಗೆ ಇಂದಿಗೂ ವೈದ್ಯರು ಮೊದಲು ಚುಚ್ಚುವ ಮದ್ದು ಅದೇ. ಅಂದರೆ ವಿನೋದದ ಮಾತಾಗುವುದಕ್ಕೆ ಬಹಳ ಮೊದಲೇ ಅಡ್ರಿನಲಿನ್ ಜೀವ ಉಳಿಸುವ ಮದ್ದಾಗಿತ್ತು.

ಬೆಕ್ಕು, ನಾಯಿ ಮತ್ತು ಪರೀಕ್ಷೆಯ ಕೊಠಡಿ

ಭಯಕ್ಕೂ ಈ ರಸಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟವರು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ನರು. ಎಕ್ಸ್-ರೇ ಆಗತಾನೆ ಬಂದಿದ್ದ ಕಾಲದಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಅವರು ಬೆಕ್ಕಿನ ಹೊಟ್ಟೆಯ ಚಲನೆಯನ್ನು ಅದರ ಮೂಲಕ ನೋಡುತ್ತಿದ್ದರು. ಬೆಕ್ಕು ಕಂಗಾಲಾದೊಡನೆ ಹೊಟ್ಟೆಯ ಚಲನೆ ತಟಕ್ಕನೆ ನಿಂತುಬಿಡುತ್ತಿತ್ತು. ಶಾಂತವಾದೊಡನೆ ಮತ್ತೆ ಆರಂಭವಾಗುತ್ತಿತ್ತು. ಬೇರೊಬ್ಬರಾಗಿದ್ದರೆ ಬೆಕ್ಕನ್ನು ಶಪಿಸಿ ಸುಮ್ಮನಾಗುತ್ತಿದ್ದರು. ಕ್ಯಾನನ್ನರು ಅದನ್ನೇ ಪ್ರಶ್ನೆಯಾಗಿ ಹಿಡಿದರು. 1911ರಲ್ಲಿ ಅವರೂ ಅವರ ಸಹೋದ್ಯೋಗಿ ಡಿ ಲಾ ಪಾಜ್ ಅವರೂ ಬೆಕ್ಕಿನ ಮುಂದೆ ನಾಯಿಯನ್ನು ಬೊಗಳಿಸಿ, ಭಯಕ್ಕೆ ಮುಂಚಿನ ಮತ್ತು ನಂತರದ ರಕ್ತವನ್ನು ಹೋಲಿಸಿದರು. ಹೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ತುಂಬಿತ್ತು.

ಕ್ಯಾನನ್ನರು 1915ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ರಸದ ಕೆಲಸಗಳನ್ನೆಲ್ಲ ಒಂದೇ ಸೂತ್ರದಲ್ಲಿ ಪೋಣಿಸಿದರು. ಎದೆ ಡವಗುಟ್ಟುವುದು ಮಾಂಸಖಂಡಗಳಿಗೆ ಹೆಚ್ಚು ರಕ್ತವನ್ನು ಒದಗಿಸಲು. ಶ್ವಾಸನಾಳ ಹಿಗ್ಗುವುದು ಹೆಚ್ಚು ಗಾಳಿಯನ್ನು ಎಳೆದುಕೊಳ್ಳಲು. ಯಕೃತ್ತು ತನ್ನ ದಾಸ್ತಾನಿನ ಸಕ್ಕರೆಯನ್ನು ರಕ್ತಕ್ಕೆ ಬಿಡುವುದು ತಕ್ಷಣದ ಶಕ್ತಿಗಾಗಿ. ಹಸಿವು ಅಡಗುವುದು ಆಗ ಉಣ್ಣುವುದಕ್ಕೆ ಪುರಸೊತ್ತಿಲ್ಲವಾದ್ದರಿಂದ. ಹುಲಿ ಎದುರಾದಾಗ ಹೋರಾಡಬೇಕು, ಇಲ್ಲವೇ ಓಡಬೇಕು. ಎರಡಕ್ಕೂ ಮೈಯನ್ನು ಕ್ಷಣಮಾತ್ರದಲ್ಲಿ ಅಣಿಗೊಳಿಸುವ ದೂತನೇ ಅಡ್ರಿನಲಿನ್.

ಕ್ಯಾನನ್ನರ ಗ್ರಂಥದಲ್ಲಿ ಮೇಷ್ಟರಾದವರ ಗಮನ ಸೆಳೆಯುವ ಎರಡು ಸಂಗತಿಗಳಿವೆ. 1913ರಲ್ಲಿ ಹಾರ್ವರ್ಡ್ ಫುಟ್‌ಬಾಲ್ ತಂಡವು ವರ್ಷದ ಅತ್ಯಂತ ರೋಚಕ ಪಂದ್ಯವನ್ನು ಆಡಿದ ಮೇಲೆ ಆಟಗಾರರ ಮೂತ್ರವನ್ನು ಪರೀಕ್ಷಿಸಲಾಯಿತು. 25 ಮಂದಿಯಲ್ಲಿ 12 ಮಂದಿಯ ಮೂತ್ರದಲ್ಲಿ ಸಕ್ಕರೆ ಕಂಡುಬಂದಿತು. ಆ ಹನ್ನೆರಡರಲ್ಲಿ ಐವರು ಕಣಕ್ಕೆ ಇಳಿದೇ ಇರಲಿಲ್ಲ. ಬದಲಿ ಆಟಗಾರರಾಗಿ ಅಂಚಿನಲ್ಲಿ ಕುಳಿತಿದ್ದವರು! ಎರಡನೆಯ ಪರೀಕ್ಷೆ ವೈದ್ಯಕೀಯ ವಿದ್ಯಾರ್ಥಿಗಳದು. ಕಠಿಣವಾದ ಪರೀಕ್ಷೆಯೊಂದನ್ನು ಬರೆದು ಬಂದ ಒಂಬತ್ತು ಮಂದಿಯಲ್ಲಿ ನಾಲ್ವರಿಗೆ ಮೂತ್ರದಲ್ಲಿ ಸಕ್ಕರೆಯಿತ್ತು. ಸುಲಭವಾದ ಪರೀಕ್ಷೆಯ ನಂತರ ಒಬ್ಬನಿಗೆ ಮಾತ್ರ.

ಮೂರು ದಶಕಗಳ ಕಾಲ ಹತ್ತನೆಯ ತರಗತಿಯ ಪರೀಕ್ಷೆಗಳಲ್ಲಿ ಕೊಠಡಿ ಮೇಲ್ವಿಚಾರಕನಾಗಿ ನಿಂತವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪ್ರಶ್ನೆಪತ್ರಿಕೆಯ ಕಟ್ಟು ಬಿಚ್ಚುವ ಹೊತ್ತಿಗೆ ಮಕ್ಕಳ ಬಾಯಿ ಒಣಗುವುದನ್ನೂ, ಬೇಸಿಗೆಯಲ್ಲಿಯೂ ಬೆರಳುಗಳು ತಣ್ಣಗಾಗುವುದನ್ನೂ, ಒಬ್ಬರ ಹಿಂದೊಬ್ಬರು ಹೊರಗೆ ಹೋಗಿ ಬರಲು ಅಪ್ಪಣೆ ಕೇಳುವುದನ್ನೂ ಪ್ರತಿವರ್ಷವೂ ಕಂಡಿದ್ದೇನೆ. 'ಎಲ್ಲಾ ಗೊತ್ತಿತ್ತು ಸಾರ್, ನೋಡಿದ ತಕ್ಷಣ ಮರೆತುಹೋಯಿತು' ಎಂದು ಕಣ್ಣೀರಿಟ್ಟವರೂ ಉಂಟು. ಅದೇ ಕಾವಿನಲ್ಲಿ ಎಂದೂ ಬರೆಯದಷ್ಟು ಚೆನ್ನಾಗಿ ಬರೆದವರೂ ಉಂಟು. ಆ ಮಕ್ಕಳ ಮುಂದಿದ್ದುದು ಹುಲಿಯಲ್ಲ, ನಾಲ್ಕು ಪುಟದ ಕಾಗದ. ಮೈಗೆ ಆ ಭೇದ ತಿಳಿಯದು.

ರಸವೊಂದೇ ಸಾಲದು

ಹಾಗಾದರೆ ಈ ರಸವೇ ಭಯವೇ? ಈ ರಸವೇ ಸಂತೋಷವೇ? 1924ರಲ್ಲಿ ಸ್ಪೇನಿನ ವೈದ್ಯ ಗ್ರೆಗೊರಿಯೊ ಮರಾನ್ಯೋನ್ ಅವರು 210 ಮಂದಿಗೆ ಅಡ್ರಿನಲಿನ್ ಚುಚ್ಚಿ ಏನನ್ನಿಸುತ್ತದೆಂದು ವಿಚಾರಿಸಿದರು. ಹೆಚ್ಚಿನವರು ಎದೆಬಡಿತ, ನಡುಕ ಮುಂತಾದ ದೇಹದ ವಿಕಾರಗಳನ್ನಷ್ಟೇ ಹೇಳಿದರು. ಉಳಿದವರಲ್ಲಿ ಬಹುಪಾಲು ಜನ ಭಯವಾದ 'ಹಾಗೆ' ಇದೆ, ಆದರೆ ಭಯವಿಲ್ಲ ಎಂಬರ್ಥದ ಮಾತನ್ನಾಡಿದರು. ಆದರೆ ಚುಚ್ಚುಮದ್ದಿಗೆ ಮುನ್ನ ಕಾಯಿಲೆಯ ಮಗುವಿನ ಮಾತನ್ನೋ ತೀರಿಹೋದ ತಂದೆತಾಯಿಯರ ಮಾತನ್ನೋ ಎತ್ತಿದ್ದರೆ ಅಂಥವರಲ್ಲಿ ನಿಜವಾದ ದುಃಖವೇ ಉಕ್ಕಿ ಬರುತ್ತಿತ್ತು.

ಇದು ಬಹು ದೊಡ್ಡ ಪಾಠ. ಅಡ್ರಿನಲಿನ್ ತಮಟೆಯನ್ನು ಬಾರಿಸುತ್ತದೆ, ಅಷ್ಟೆ. ಆ ತಮಟೆ ಮದುವೆಯದೋ ಮಸಣದ ಹಾದಿಯದೋ ಎಂಬುದನ್ನು ನಿರ್ಧರಿಸುವುದು ಮನಸ್ಸು ಮತ್ತು ಸಂದರ್ಭ. ಮನಸ್ಸು ಇದರಲ್ಲಿ ಎಷ್ಟೋ ವೇಳೆ ಮೋಸಹೋಗುವುದೂ ಉಂಟು. 1974ರಲ್ಲಿ ಕೆನಡಾದ ಕಪಿಲಾನೋ ತೂಗುಸೇತುವೆಯ ಮೇಲೆ ಡಟನ್ ಮತ್ತು ಆರನ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗ ಸ್ವಾರಸ್ಯವಾಗಿದೆ. ಸುಮಾರು 70 ಮೀಟರ್ ಆಳದ ಕಮರಿಯ ಮೇಲೆ ತೊಯ್ದಾಡುವ ಸೇತುವೆ ಅದು. ಅದರ ಮೇಲೆ ಒಬ್ಬ ತರುಣಿ ಗಂಡಸರಿಗೆ ಒಂದಿಷ್ಟು ಪ್ರಶ್ನೆಗಳನ್ನು ಕೇಳಿ, ಹೆಚ್ಚಿನ ವಿವರ ಬೇಕಾದರೆ ಕರೆಮಾಡಿ ಎಂದು ತನ್ನ ದೂರವಾಣಿ ಸಂಖ್ಯೆಯನ್ನು ಕೊಟ್ಟಳು. ಸಂಖ್ಯೆ ಪಡೆದ 18 ಮಂದಿಯಲ್ಲಿ 9 ಮಂದಿ ಕರೆಮಾಡಿದರು. ಗಟ್ಟಿಮುಟ್ಟಾದ ತಗ್ಗಿನ ಸೇತುವೆಯ ಮೇಲೆ ಅದೇ ರೀತಿ ಸಂಖ್ಯೆ ಪಡೆದ 16 ಮಂದಿಯಲ್ಲಿ ಕರೆಮಾಡಿದವರು ಇಬ್ಬರೇ. ಎದೆ ಹೊಡೆದುಕೊಂಡದ್ದು ಕಮರಿಯ ಭಯಕ್ಕೆ. ಅವರು ತಿಳಿದುಕೊಂಡದ್ದು ತರುಣಿಯ ಚೆಲುವಿಗೆ ಎಂದು! ಇಂತಹ ಪ್ರಯೋಗಗಳ ಅರ್ಥದ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ನಿಂತಿಲ್ಲವಾದರೂ, ಎದೆಬಡಿತವೇ ಬೇರೆ, ಅದಕ್ಕೆ ನಾವು ಕೊಡುವ ಅರ್ಥವೇ ಬೇರೆ ಎಂಬ ಮಾತು ಯೋಚನೆಗೆ ಯೋಗ್ಯವಾದುದು.

ಪೆಂಟಕೋಸ್ಟ್ ದ್ವೀಪದ ಬಳ್ಳಿ

ಆ ಅರ್ಥವನ್ನು ಒಂದು ಸಮಾಜ ಹೇಗೆ ಕೊಡುತ್ತಿತ್ತು ಎಂಬುದನ್ನು ಅರಿಯಲು ಶಾಂತಸಾಗರದ ವನುವಾಟು ದೇಶಕ್ಕೆ ಹೋಗಬೇಕು. ಇಂದಿನ ಬಂಜಿ ಜಿಗಿತದ ತವರು ಅಲ್ಲಿನ ಪೆಂಟಕೋಸ್ಟ್ ದ್ವೀಪ. ಗಂಡನ ಕಾಟ ತಾಳಲಾರದ ಒಬ್ಬಳು ಹೆಂಗಸು ಆಲದ ಮರವನ್ನೇರಿದಳಂತೆ. ಬೆನ್ನಟ್ಟಿ ಬಂದ ಗಂಡನೂ ಮರ ಹತ್ತಿದನು. ಆಕೆ ಕಾಲಿಗೆ ಬಳ್ಳಿ ಕಟ್ಟಿಕೊಂಡು ಧುಮುಕಿ ಬದುಕಿದಳು. ಬಳ್ಳಿಯ ಗುಟ್ಟು ತಿಳಿಯದ ಗಂಡ ಹಿಂದೆಯೇ ಧುಮುಕಿ ಸತ್ತನು. ಮತ್ತೆ ಹಾಗೆ ಮೋಸಹೋಗಬಾರದೆಂದು ಅಲ್ಲಿನ ಗಂಡಸರು ಆ ವಿದ್ಯೆಯನ್ನು ಕಲಿತುಕೊಂಡರೆಂಬುದು ಐತಿಹ್ಯ.

ಯಾಮ್ ಎಂಬ ಗೆಡ್ಡೆಯ ಸುಗ್ಗಿಯ ಕಾಲದಲ್ಲಿ, ಏಪ್ರಿಲ್‌ನಿಂದ ಜೂನ್‌ವರೆಗೆ, ಈ ಆಚರಣೆ ನಡೆಯುತ್ತದೆ. ಕಾಡಿನ ಮರಗಳನ್ನು ಕಡಿದು, ಒಂದು ಮೊಳೆಯನ್ನೂ ಬಳಸದೆ, ಬಳ್ಳಿಗಳಿಂದಲೇ ಬಿಗಿದು 20 ರಿಂದ 30 ಮೀಟರ್ ಎತ್ತರದ ಅಟ್ಟಣೆಯನ್ನು ಕಟ್ಟುತ್ತಾರೆ. ಜಿಗಿಯುವವನ ತೂಕಕ್ಕೂ ಎತ್ತರಕ್ಕೂ ತಕ್ಕಂತೆ ಬಳ್ಳಿಯನ್ನು ಆರಿಸುತ್ತಾರೆ. ಬಳ್ಳಿಯಲ್ಲಿ ರಸವಿದ್ದು ಅದು ಬಾಗಿ ಎಳೆದಾಡುವಂತಿರಬೇಕು. ಜಿಗಿತದ ಎಳೆತವನ್ನು ತಾಳುವಂತೆ, ನಿಂತ ಹಲಗೆಯೇ ಮುರಿದು ಬಾಗುವ ಹಾಗೆ ರಚಿಸಿರುತ್ತಾರೆ. ಕೆಳಗಿನ ಮಣ್ಣನ್ನು ಅಗೆದು ಸಡಿಲಮಾಡಿರುತ್ತಾರೆ. ಧುಮುಕಿದವನ ಹೆಗಲು ಆ ಮಣ್ಣನ್ನು ಸವರಿದರೆ ಬೆಳೆ ಚೆನ್ನಾಗಿ ಬರುತ್ತದೆಂಬುದು ನಂಬಿಕೆ. ಹುಡುಗರು ತಗ್ಗಿನ ಹಲಗೆಯಿಂದ ಆರಂಭಿಸಿ ವಯಸ್ಸಾದಂತೆ ಮೇಲೇರುತ್ತಾರೆ. ಕೆಳಗೆ ಊರಿಗೆ ಊರೇ ಕುಣಿದು ಹಾಡುತ್ತಿರುತ್ತದೆ.

ನಮ್ಮ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಕೊಂಡ ಹಾಯುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಹರಕೆ, ಉಪವಾಸ, ಮಡಿ, ಊರಿನವರ ಉಘೇ ಉಘೇ ಕೂಗು - ಇವುಗಳ ನಡುವೆ ಕೆಂಡದ ಮೇಲೆ ಹೆಜ್ಜೆಯಿಡುವವನು ಒಂಟಿಯಲ್ಲ. ಸ್ಪೇನಿನ ಸಾನ್ ಪೆಡ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲಿಯೂ ಇಂತಹದೇ ಪದ್ಧತಿಯಿದೆ. ಅಲ್ಲಿ ಕೆಂಡ ಹಾಯುವವರ ಎದೆಬಡಿತವನ್ನು ಅಳೆದ ಸಂಶೋಧಕರು 2011ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸುಮ್ಮನೆ ಕುಳಿತು ನೋಡುತ್ತಿದ್ದ ಬಂಧುಮಿತ್ರರ ಎದೆಬಡಿತವೂ ಹಾಯುವವನ ಎದೆಬಡಿತದೊಡನೆ ಏರಿಳಿಯುತ್ತಿತ್ತು. ಹೊರಗಿನಿಂದ ಬಂದ ಪ್ರೇಕ್ಷಕರದು ಹಾಗಿರಲಿಲ್ಲ. ಒಬ್ಬನ ಭಯವನ್ನು ಒಂದು ಊರು ಹಂಚಿಕೊಳ್ಳುತ್ತದೆ ಎಂಬುದು ಬರಿಯ ಅಲಂಕಾರದ ಮಾತಲ್ಲ.

ಆದರೆ ಆಚರಣೆಯೆಂಬ ಮಾತ್ರಕ್ಕೆ ಅಪಾಯ ದೂರವಾಗುವುದಿಲ್ಲ; ಅದರ ಕಟ್ಟುಪಾಡನ್ನು ಮೀರಿದರಂತೂ ಅನಾಹುತವೇ ಸರಿ. 1974ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಆ ದ್ವೀಪಗಳಿಗೆ ಭೇಟಿಯಿತ್ತರು. ಆಗಿನ್ನೂ ಅವು ಬ್ರಿಟಿಷ್ ಮತ್ತು ಫ್ರೆಂಚ್ ಸರಕಾರಗಳ ಜಂಟಿ ಆಳ್ವಿಕೆಯಲ್ಲಿದ್ದವು. ಅತಿಥಿಗೆ ವಿಶೇಷವಾದುದನ್ನು ತೋರಿಸಬೇಕೆಂಬ ಆಡಳಿತದ ಅಪೇಕ್ಷೆಯಂತೆ ಸುಗ್ಗಿಗೆ ಮುಂಚೆಯೇ ಜಿಗಿತ ಏರ್ಪಟ್ಟಿತು. ಬಳ್ಳಿಗಳು ಇನ್ನೂ ಹದಕ್ಕೆ ಬಂದಿರಲಿಲ್ಲ. ಒಬ್ಬನ ಬಳ್ಳಿ ಕಡಿಯಿತು. ಬಿದ್ದ ಪೆಟ್ಟಿನಿಂದ ಆತ ಮುಂದೆ ಮೃತನಾದನು. ಅಂದು ಜಿಗಿತದ ವೇಳೆಯನ್ನು ಗೊತ್ತುಮಾಡಿದ್ದು ಸುಗ್ಗಿಯಲ್ಲ, ನೋಡಲು ಬಂದ ಅತಿಥಿಯ ಪ್ರವಾಸದ ಪಟ್ಟಿ.

ಬಳ್ಳಿಯಿಂದ ರಬ್ಬರಿಗೆ

1960ರಲ್ಲಿ ಡೇವಿಡ್ ಅಟೆನ್‌ಬರೋ ಅವರು ಬಿಬಿಸಿಗಾಗಿ ಈ ಜಿಗಿತವನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದರು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 'ಡೇಂಜರಸ್ ಸ್ಪೋರ್ಟ್ಸ್ ಕ್ಲಬ್' ಎಂಬ ತರುಣರ ಕೂಟವೊಂದಿತ್ತು. ಪೆಂಟಕೋಸ್ಟಿನ ಈ ಜಿಗಿತದಿಂದ ಸ್ಫೂರ್ತಿ ಪಡೆದ ಆ ಕೂಟದ ನಾಲ್ವರು 1979ರ ಏಪ್ರಿಲ್ 1ರಂದು, ಮೂರ್ಖರ ದಿನವೇ ಸರಿ, ಬ್ರಿಸ್ಟಲ್ ನಗರದ ಸುಮಾರು 75 ಮೀಟರ್ ಎತ್ತರದ ಕ್ಲಿಫ್ಟನ್ ತೂಗುಸೇತುವೆಯಿಂದ ರಬ್ಬರ್ ಹಗ್ಗ ಕಟ್ಟಿಕೊಂಡು ಧುಮುಕಿದರು. ಮೊದಲು ಹಾರಿದ ಡೇವಿಡ್ ಕರ್ಕ್ ಉದ್ದನೆಯ ಕೋಟು, ಎತ್ತರದ ಟೋಪಿ ಧರಿಸಿ ಕೈಯಲ್ಲಿ ಷಾಂಪೇನ್ ಬಾಟಲಿ ಹಿಡಿದಿದ್ದರು. ಪೊಲೀಸರು ಎಲ್ಲರನ್ನೂ ಬಂಧಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯಿಂದಲೂ ಹಾರಿದರು.

ಇದನ್ನು ವ್ಯಾಪಾರವಾಗಿ ಬೆಳೆಸಿದವರು ನ್ಯೂಜಿಲೆಂಡಿನ ಎ. ಜೆ. ಹ್ಯಾಕೆಟ್. 1987ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಹಾರಿ ಅವರು ಸುದ್ದಿಯಾದರು. 1988ರ ನವೆಂಬರಿನಲ್ಲಿ ಕ್ವೀನ್ಸ್‌ಟೌನ್ ಬಳಿಯ ಕವರೌ ನದಿಯ ಹಳೆಯ ಸೇತುವೆಯ ಮೇಲೆ, 43 ಮೀಟರ್ ಎತ್ತರದಲ್ಲಿ, ಹೆನ್ರಿ ವಾನ್ ಆಷ್ ಅವರೊಡನೆ ಸೇರಿ ಅವರು ಶಾಶ್ವತ ಕೇಂದ್ರವನ್ನು ತೆರೆದರು. ಮೊದಲ ದಿನವೇ 28 ಮಂದಿ ತಲಾ 75 ಡಾಲರ್ ತೆತ್ತು ಜಿಗಿದರು.

ಹ್ಯಾಕೆಟ್ಟರು ಹಗ್ಗದ ಹಿಗ್ಗುವಿಕೆ, ಜಿಗಿಯುವವರ ತೂಕ ಇವುಗಳ ಲೆಕ್ಕಾಚಾರಕ್ಕೆ ಬಹಳ ಶ್ರಮಪಟ್ಟವರು. ಹಳ್ಳಿಯ ಹಿರಿಯನ ಅನುಭವ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಎಂಜಿನಿಯರರ ಲೆಕ್ಕ ಮಾಡಿತು. ಆದರೆ ಜಿಗಿಯುವವನ ಪಾಲಿಗೆ ಒಂದು ದೊಡ್ಡ ವ್ಯತ್ಯಾಸವಾಯಿತು. ಪೆಂಟಕೋಸ್ಟಿನವನು ಬಾಲ್ಯದಿಂದ ಸಿದ್ಧತೆ ನಡೆಸಿ ತನ್ನ ಊರಿಗಾಗಿ ಹಾರುತ್ತಾನೆ. ಕವರೌ ಸೇತುವೆಯಲ್ಲಿ ಸಿದ್ಧತೆಯೆಲ್ಲ ಬೇರೆಯವರದು. ಹಾರುವವನ ಪಾಲಿಗೆ ಉಳಿದದ್ದು ಕೆಲವು ಕ್ಷಣಗಳ ರೋಮಾಂಚ. ಅದನ್ನು ನಾನು ಕೀಳೆನ್ನುವುದಿಲ್ಲ. ಕುರ್ಚಿಯಲ್ಲಿ ಕುಳಿತೇ ಬಾಳು ಸವೆಸುವವರಿಗೆ ತಮಗೂ ಒಂದು ದೇಹವಿದೆಯೆಂದು ನೆನಪಾಗುವುದು ಒಳ್ಳೆಯದೇ. ಆದರೆ ಅದನ್ನೇ ಧೈರ್ಯವೆಂದು ಕರೆಯುವ ಮೊದಲು ಇನ್ನೊಂದು ಸಂಗತಿಯನ್ನು ತಿಳಿಯಬೇಕು.

ಭಯದ ವೇಳೆ

1960ರ ದಶಕದಲ್ಲಿ ಫೆಂಜ್ ಮತ್ತು ಎಪ್‌ಸ್ಟೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ಯಾರಾಚೂಟ್ ಜಿಗಿತಗಾರರ ಎದೆಬಡಿತ, ಉಸಿರಾಟಗಳನ್ನು ಹಂತಹಂತವಾಗಿ ಅಳೆದರು. ಹೊಸಬರಲ್ಲಿ ಎದೆಬಡಿತವು ಏರುತ್ತಲೇ ಹೋಗಿ ವಿಮಾನದಿಂದ ಹಾರುವ ಕ್ಷಣಕ್ಕೆ ಶಿಖರ ಮುಟ್ಟುತ್ತಿತ್ತು. ನೂರಾರು ಸಲ ಹಾರಿದ ಅನುಭವಿಗಳಿಗೂ ಭಯವಿತ್ತು! ಆದರೆ ಅದು ಬಹಳ ಮುಂಚೆಯೇ ಬಂದು, ಹಾರುವ ಹೊತ್ತಿಗೆ ಇಳಿದುಹೋಗಿ, ಎದೆಬಡಿತ ಬಹುಮಟ್ಟಿಗೆ ಸಾಮಾನ್ಯ ಸ್ಥಿತಿಗೆ ಬಂದಿರುತ್ತಿತ್ತು. ಪ್ಯಾರಾಚೂಟನ್ನು ಮಡಿಸುವಾಗ, ಪಟ್ಟಿಗಳನ್ನು ಪರೀಕ್ಷಿಸುವಾಗ, ಹವೆಯನ್ನು ನೋಡುವಾಗ ಬರುವ ಭಯ ಕೆಲಸಕ್ಕೆ ಬರುವ ಭಯ. ಹಾರಿದ ಮೇಲೆ ಬರುವ ಭಯದಿಂದ ಏನು ಪ್ರಯೋಜನ?

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟೇ. ಧೈರ್ಯವೆಂದರೆ ಭಯವಿಲ್ಲದಿರುವುದಲ್ಲ; ಭಯವನ್ನು ಸಕಾಲಕ್ಕೆ ಕರೆಸಿಕೊಂಡು ಅದರಿಂದ ಕೆಲಸ ತೆಗೆಯುವುದು. ಪೆಂಟಕೋಸ್ಟಿನ ಹಿರಿಯನು ಬಳ್ಳಿಯನ್ನು ಬಗ್ಗಿಸಿ ನೋಡುವಾಗ, ಬಾದಾಮಿಯ ಬಂಡೆಯ ಕೆಳಗೆ ಹುಡುಗಿಯೊಬ್ಬಳು ಗಂಟನ್ನು ಎರಡನೆಯ ಸಲ ಎಳೆದು ನೋಡುವಾಗ ಅವರೊಳಗೆ ದುಡಿಯುತ್ತಿರುವುದು ಭಯವೇ. ಪರೀಕ್ಷೆಗೆ ಮೂರು ತಿಂಗಳ ಮುಂಚೆ ಹೆದರಿದ ವಿದ್ಯಾರ್ಥಿ ಕೊಠಡಿಯಲ್ಲಿ ನಡುಗುವುದು ಕಡಿಮೆ.

ಇಂದು ನಮ್ಮ ನಗರಗಳ ರಸ್ತೆಗಳಲ್ಲಿ ಬೈಕಿನ ಮುಂಚಕ್ರವನ್ನೆತ್ತಿ 'ವೀಲಿಂಗ್' ಮಾಡುವ ಹುಡುಗರನ್ನು, ಜಲಪಾತದ ಜಾರುಬಂಡೆಯ ಅಂಚಿನಲ್ಲಿ ಮೊಬೈಲಿನಲ್ಲಿ ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳಲು ನಿಲ್ಲುವವರನ್ನು ಕಂಡಾಗ ಮನಸ್ಸು ಮುದುಡುತ್ತದೆ. ಅವರೊಳಗೂ ಹರಿಯುವುದು ಅದೇ ರಸ. ಆದರೆ ಅಲ್ಲಿ ಬಳ್ಳಿಯನ್ನು ಆರಿಸುವ ಹಿರಿಯನಿಲ್ಲ, ಹಗ್ಗದ ಲೆಕ್ಕವಿಲ್ಲ. ಇರುವುದು ನೋಡುವವರು ಮಾತ್ರ. 1974ರಲ್ಲಿ ನೋಡುಗರಿಗಾಗಿ ಹದವಿಲ್ಲದ ಬಳ್ಳಿಗೆ ಜೀವ ಕಟ್ಟಿದ ಆ ದ್ವೀಪವಾಸಿಯ ನೆನಪಾಗುತ್ತದೆ. ರಸ್ತೆಯಲ್ಲಾದರೋ ಪ್ರಾಣ ಕಳೆದುಕೊಳ್ಳುವವರಲ್ಲಿ ಏನೂ ಅರಿಯದ ದಾರಿಹೋಕರೂ ಸೇರಿರುತ್ತಾರೆ.

ಅವರನ್ನು ಬರಿದೆ ಗದರಿಸಿ ಪ್ರಯೋಜನವಿಲ್ಲ. ಹರೆಯದ ಮೈ ರೋಮಾಂಚವನ್ನು ಬೇಡುತ್ತದೆ, ಬೇಡುವುದು ಸಹಜ. ಈಜು, ಬೆಟ್ಟ ಹತ್ತುವುದು, ಕಬಡ್ಡಿಯ ಅಂಕಣ, ಕಡೆಗೆ ಸಾವಿರ ಜನರೆದುರು ರಂಗದ ಮೇಲೆ ನಿಂತು ಮಾತನಾಡುವುದು - ಇವೆಲ್ಲವೂ ಎದೆ ಡವಗುಟ್ಟಿಸುತ್ತವೆ, ಜೊತೆಗೆ ಮುಂಚಿತವಾಗಿ ಹೆದರುವುದನ್ನೂ ಕಲಿಸುತ್ತವೆ. ಶಾಲೆಗಳಲ್ಲಿ ನಾವು 'ಧೈರ್ಯಂ ಸರ್ವತ್ರ ಸಾಧನಂ' ಎಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆಯಬಹುದು: ಭಯವು ಮನೆ ಬಾಗಿಲ ಕಾವಲುಗಾರ, ಅವನನ್ನು ಓಡಿಸಬೇಡಿ, ಹೊತ್ತಿಗೆ ಸರಿಯಾಗಿ ಎಬ್ಬಿಸಿ.